ಗದಗ ಸೀಮೆಯ ದಾರಿತಂಗು ಮತ್ತು ಜೂಜು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ದಾರಿಹೋಕರ ಊಟ-ವಸತಿಗೆ ಇದ್ದ ಏರ್ಪಾಡುಗಳು ಮತ್ತು ಅದೇ ದಾರಿಗಳ ಗುಂಟ ಬೆಳೆದ ಪಣದಾಟಗಳು ಈ ಲೇಖನದ ವಿಷಯ. ಅಮೆರಿಕದ ನೆವಾಡಾ ರಾಜ್ಯದಲ್ಲಿ ಹೆದ್ದಾರಿ ಬದಿಯ ಮೋಟೆಲ್ಲೂ ಕ್ಯಾಸಿನೊವೂ ಒಂದೇ ಸೂರಿನಡಿ, ಒಂದೇ ಧಣಿಯ ಕೈಯಲ್ಲಿ ಬೆಳೆದವು. ಗದಗ ಸೀಮೆಯಲ್ಲಿ ಎರಡೂ ಅದಕ್ಕಿಂತ ಎಷ್ಟೋ ಹಳೆಯವು. ಎರಡಕ್ಕೂ ಒಂದೇ ರಸ್ತೆ, ಒಂದೇ ಹತ್ತಿಯ ವ್ಯಾಪಾರ ಆಸರೆಯಾಗಿತ್ತು. ಆದರೂ ಒಂದು ದಾನವಾಗಿ, ಆಮೇಲೆ ದುಡಿಮೆಯಾಗಿ ಊರ ನಡುವೆ ಉಳಿಯಿತು. ಇನ್ನೊಂದನ್ನು ಊರು ಹಬ್ಬದ ದಿನ ಒಳಗೆ ಬಿಟ್ಟುಕೊಂಡು ಮಿಕ್ಕ ದಿನ ಹೊರಗೆ ಅಟ್ಟಿತು.

ದಾರಿಗಳು

ಪೂರ್ವದ ಬಳ್ಳಾರಿ ಕಡೆಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಪಶ್ಚಿಮದ ಘಟ್ಟ ಇಳಿಯುವ ದಾರಿಯೇ ಈ ಸೀಮೆಯ ಬೆನ್ನೆಲುಬು. ಅಂಕೋಲಾ-ಗುತ್ತಿ ನಡುವಿನ ರಾಷ್ಟ್ರೀಯ ಹೆದ್ದಾರಿ 63 ಎಂದು ಬಹುಕಾಲ ಕರೆಸಿಕೊಂಡ ರಸ್ತೆಯ ಗದಗಿನ ಭಾಗ 2010ರ ಮರುಸಂಖ್ಯೆಯ ಬಳಿಕ ಹೆದ್ದಾರಿ 67ಕ್ಕೆ ಸೇರಿದೆ. ಈ ಹೆದ್ದಾರಿಯ ಪಶ್ಚಿಮದ ತುದಿ ಗೋವಾ ಗಡಿಗೆ ಹತ್ತಿರದ ರಾಮನಗರ, ಪೂರ್ವದ ತುದಿ ಆಂಧ್ರದ ಕೃಷ್ಣಪಟ್ಟಣ. ಗದಗಿನಿಂದ ದಕ್ಷಿಣಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರದ ದಾರಿಗಳೂ ಆಗ್ನೇಯಕ್ಕೆ ಡಂಬಳದ ಮೇಲಿಂದ ಮುಂಡರಗಿ, ತುಂಗಭದ್ರೆಯ ದಾರಿಯೂ ಕವಲೊಡೆಯುತ್ತವೆ. ನಡುವೆ ಕಪ್ಪತಗುಡ್ಡ.

ಚಾಲುಕ್ಯರ ಕಾಲಕ್ಕೆ ಈ ದಾರಿಗಳ ಮೇಲಿನ ಊರುಗಳೆಲ್ಲ ಶ್ರೀಮಂತ ಪೇಟೆಗಳಾಗಿದ್ದವು. ಲಕ್ಷ್ಮೇಶ್ವರವು ಪುಲಿಗೆರೆ ಮುನ್ನೂರು ಎಂಬ ನಾಡಿನ ಮುಖ್ಯ ಊರು. ಗದಗಿನಿಂದ ಪೂರ್ವಕ್ಕೆ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಗೃಹಸ್ಥನ ಕರ್ತವ್ಯವೆಂದು ಜೈನಧರ್ಮ ವಿಧಿಸಿತ್ತು. ಬಸದಿಗೆ ಬಂದ ಪಯಣಿಗನಿಗೆ ಅನ್ನ ಸಿಗುತ್ತಿದ್ದುದು ಈ ಏರ್ಪಾಡಿನೊಳಗೆ. ಡಂಬಳದ 1095ರ ಶಾಸನ ಇನ್ನೊಂದು ಚಿತ್ರ ಕೊಡುತ್ತದೆ: ಊರಿನ ಹದಿನಾರು ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿ, ತಾರಾದೇವಿಯ ಪೂಜೆಗೂ ಭಿಕ್ಷುಗಳ ಅನ್ನವಸ್ತ್ರಕ್ಕೂ ದತ್ತಿ ಬಿಟ್ಟರು. ವಿಹಾರ ಉಳಿದಿಲ್ಲ. ಅದೇ ಊರಿನ ದೊಡ್ಡಬಸಪ್ಪನ ಗುಡಿ ಉಳಿದಿದೆ. ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದ ತಳವಿನ್ಯಾಸದ ಮೇಲೆ ಗೋಡೆ-ಶಿಖರಗಳು ಎದ್ದಿರುವ ಈ ಗುಡಿ ಕರ್ನಾಟಕದ ಶಿಲ್ಪದಲ್ಲಿ ಬಲು ಅಪರೂಪದ್ದು. ವ್ಯಾಪಾರಿಗಳ ಹಣದಿಂದ ಧರ್ಮಕಾರ್ಯ, ಆ ಧರ್ಮಕಾರ್ಯದ ನೆರಳಲ್ಲಿ ದಾರಿಹೋಕನ ಊಟ ಎಂಬ ಕ್ರಮ ಹೀಗೆ ಸಾವಿರ ವರ್ಷದ ಹಿಂದೆಯೇ ನೆಲೆಗೊಂಡಿತ್ತು.

ಅದೇ ಕಾಲದಲ್ಲಿ ಪಣದಾಟಕ್ಕೆ ಅರಮನೆಯ ಮನ್ನಣೆಯಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಗಡೆ, ಕವಡೆಯಾಟ, ಕೋಳಿಕಾಳಗ, ಟಗರಿನ ಕಾಳಗಗಳು ರಾಜವಿನೋದಗಳ ಸಾಲಿನಲ್ಲಿ ಬರುತ್ತವೆ. ಟಗರಿನ ಕಾಳಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಜನ ಕೂಡಿಸುತ್ತದೆ.

ಗದುಗಿನ ಭಾರತದ ದ್ಯೂತಸಭೆ

ಕನ್ನಡದಲ್ಲಿ ಜೂಜಿನ ಅತಿ ದೊಡ್ಡ ಚಿತ್ರ ಮೂಡಿದ್ದು ಗದಗಿನಲ್ಲೇ. ಹದಿನೈದನೆಯ ಶತಮಾನದ ಕುಮಾರವ್ಯಾಸ ಇಲ್ಲಿಯ ವೀರನಾರಾಯಣ ಗುಡಿಯಲ್ಲಿ ಕುಳಿತು ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಭಾಮಿನೀ ಷಟ್ಪದಿಯಲ್ಲಿ ಬರೆದನೆಂಬುದು ಸಂಪ್ರದಾಯ, ಅವನು ಒರಗಿ ಕೂಡುತ್ತಿದ್ದನೆನ್ನುವ ಕಂಬವನ್ನು ಈಗಲೂ ತೋರಿಸುತ್ತಾರೆ. ಅವನ ಸಭಾಪರ್ವದ ಕೇಂದ್ರದಲ್ಲಿರುವುದು ದ್ಯೂತ.

ಆ ಕಥೆಯ ಒಂದು ವಿವರ ಈ ಲೇಖನದ ವಿಷಯಕ್ಕೆ ನೇರವಾಗಿ ತಾಗುತ್ತದೆ. ಪಾಂಡವರನ್ನು ಹಸ್ತಿನಾವತಿಗೆ ಕರೆಸಿದ್ದು ಜೂಜಾಳಿಗಳೆಂದಲ್ಲ, ಬಂಧುಗಳೆಂದು. ಹೊಸ ಸಭಾಭವನ ಕಟ್ಟಿಸಿದ್ದೇವೆ, ಬಂದು ನೋಡಿ ಸುಖವಾಗಿರಿ ಎಂದು ವಿದುರನ ಕೈಯಲ್ಲೇ ಕರೆ ಹೋಯಿತು. ಬಂದವರಿಗೆ ಬಿಡಾರ ಸಿಕ್ಕಿತು, ಉಪಚಾರ ಸಿಕ್ಕಿತು, ಮರುದಿನ ಹಾಸಿದ ಪಗಡೆಯ ಹಾಸು ಸಿಕ್ಕಿತು. ಅತಿಥಿಯಾಗಿ ಬಂದವನು ಆಟಕ್ಕೆ ಒಲ್ಲೆನೆನ್ನಲಾರದ ಇಕ್ಕಟ್ಟಿನಲ್ಲಿ ಧರ್ಮರಾಯ ಸಿಕ್ಕಿಬಿದ್ದ. ಉಣ್ಣಿಸಿ ಮಲಗಿಸುವ ಮನೆಯೂ ದಾಳ ಉರುಳುವ ಮನೆಯೂ ಒಂದಾದಾಗ ಏನಾಗುತ್ತದೆಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕಥೆ ಇನ್ನೊಂದಿಲ್ಲ. ಗದುಗಿನ ಭಾರತವನ್ನು ಊರ ಗುಡಿಯಲ್ಲಿ, ಹಿರಿಯರ ಪಡಸಾಲೆಯಲ್ಲಿ ತಲೆಮಾರುಗಳಿಂದ ಓದಿ ಅರ್ಥ ಹೇಳಿದ ನಾಡಿದು. ಇಲ್ಲಿಯ ಜನ ಜೂಜನ್ನು ಬಿಡಲಿಲ್ಲ ನಿಜ. ಆದರೆ ಅತಿಥಿಯ ಮನೆಯಲ್ಲಿ ಅದಕ್ಕೆ ಜಾಗವಿಲ್ಲವೆಂಬ ತಿಳಿವಳಿಕೆ ಗಟ್ಟಿಯಾಗಿ ಉಳಿದದ್ದರಲ್ಲಿ ಈ ಓದಿನ ಪಾಲು ದೊಡ್ಡದೆಂದೇ ಹೇಳಬೇಕು.

ಮಠ, ದಾಸೋಹ

ವೀರಶೈವ-ಲಿಂಗಾಯತ ಮಠಗಳು ಬೆಳೆದಂತೆ ದಾರಿತಂಗಿನ ಹೊಣೆ ಬಹುಮಟ್ಟಿಗೆ ಅವುಗಳ ಪಾಲಿಗೆ ಬಂತು. ಗದಗಿನ ತೋಂಟದಾರ್ಯ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಶಿರಹಟ್ಟಿಯ ಫಕೀರೇಶ್ವರ ಮಠಗಳಲ್ಲಿ ಹೊತ್ತಿಗೆ ಬಂದವನಿಗೆ ಊಟ, ಕತ್ತಲಾದವನಿಗೆ ಮಲಗಲು ಜಾಗ. ಫಕೀರೇಶ್ವರ ಮಠಕ್ಕೆ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದ ದೂದಪೀರ್ ದರ್ಗಾಕ್ಕೂ ಎರಡೂ ಕಡೆಯ ಭಕ್ತರು ಬರುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು.

ದಾಸೋಹದ ಸ್ವರೂಪ ತಿಳಿಯಲು ಡಂಬಳದ ರೊಟ್ಟಿಜಾತ್ರೆ ನೋಡಬೇಕು. ತೇರಿನ ಹಬ್ಬಕ್ಕೆ ಬಹಳ ದಿನ ಮೊದಲೇ ಸುತ್ತಲಿನ ಮನೆಗಳಲ್ಲಿ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು ಒಣಗಿಸಿ ಖಡಕ್ ಮಾಡಿ ಗೂಡೆಗಟ್ಟಲೆ ಒಟ್ಟುತ್ತಾರೆ. ಜಾತ್ರೆಯ ದಿನ ಜನ ಜಾತಿ-ಮತದ ಗೊಡವೆಯಿಲ್ಲದೆ ಒಬ್ಬರ ಹಿಂದೊಬ್ಬರು ಬಂದು ಅಂಗೈ ಮೇಲೆ ರೊಟ್ಟಿ ಹಿಡಿಯುತ್ತಾರೆ. ಆ ರೊಟ್ಟಿಯ ಮೇಲೆಯೇ ಪಲ್ಯ, ಅಗಸಿ ಮತ್ತು ಹಸಿಮೆಣಸಿನಕಾಯಿ ಹಾಕಿದ ಕರಿಂಡಿ ಬೀಳುತ್ತದೆ. ನಿಂತಲ್ಲೇ ಉಣ್ಣುವುದು, ತಾಟು ಬೇಕಿಲ್ಲ, ಹೆಸರು-ಊರು ಕೇಳುವವರಿಲ್ಲ. ಎಡೆಯೂರು ಸಿದ್ಧಲಿಂಗೇಶ್ವರರ ಪರಂಪರೆಯ ಮಠವೊಂದು ಸಮಾನತೆಯ ಮಾತನ್ನು ಊಟದಲ್ಲೇ ಆಚರಿಸಿ ತೋರಿಸುವ ಬಗೆಯಿದು.

ಹತ್ತಿ, ಚಕ್ಕಡಿ, ರೈಲು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ದಾರಿಗಳ ಮೇಲೆ ಅತಿ ಹೆಚ್ಚು ಸಾಗಿದ ಸರಕು ಹತ್ತಿ. ಧಾರವಾಡ ಜಿಲ್ಲೆಯ ಕಪ್ಪುನೆಲದಲ್ಲಿ ಬ್ರಿಟಿಷರು ಅಮೆರಿಕದ ತಳಿಯನ್ನು ಬೆಳೆಸಿ ನೋಡಿದರು; ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಯಲ್ಲಿ ನಿಂತಿತು. ನಾಡತಳಿಗೆ ‘ಕುಮಟಾ’ ಎಂಬ ಹೆಸರು ಬಂದದ್ದು ಅದು ಹಡಗೇರುತ್ತಿದ್ದ ಬಂದರಿನಿಂದ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಲ್ಲಿಸಿದಾಗ ಇಲ್ಲಿ ಬೆಲೆ ಗಗನಕ್ಕೇರಿ, ಯುದ್ಧ ಮುಗಿದೊಡನೆ ಕುಸಿಯಿತು. ದೂರದ ದೇಶದ ಸುದ್ದಿಗೆ ಇಲ್ಲಿಯ ಬೆಲೆ ಏರಿಳಿಯುತ್ತದೆಂಬುದನ್ನು ರೈತ ಅನುಭವಿಸಿ ಕಲಿತ ಕಾಲವದು.

ರೈಲು ಬರುವ ಮೊದಲು ಈ ಹತ್ತಿ ಎತ್ತು-ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಸಾಲುಚಕ್ಕಡಿಗಳು ಕತ್ತಲಾದಲ್ಲಿ ಕೊರಳು ಬಿಚ್ಚುತ್ತಿದ್ದವು. ಬೇಕಾದದ್ದು ನೀರು, ಮೇವು, ಕಳ್ಳರ ಭಯವಿಲ್ಲದ ಬಯಲು. ಕೆರೆಯ ದಂಡೆ, ಗುಡಿಯ ಪೌಳಿ, ಊರ ಅಗಸಿಯ ಹೊರಗಿನ ಮರದಡಿ ಇವೇ ಅಂದಿನ ತಂಗುದಾಣ. ಸರ್ಕಾರಿ ಅಧಿಕಾರಿಗಳಿಗೆ ಮಾತ್ರ ಬೇರೆ ಬಂಗಲೆಗಳಿದ್ದವು. ಆ ಬಂಗಲೆಗಳ ವಂಶದವೇ ತಾಲೂಕು ಊರುಗಳ ಪ್ರವಾಸಿ ಮಂದಿರಗಳು. ಜನರ ಬಾಯಲ್ಲಿ ಅದು ‘ಐಬಿ’.

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಗದಗನ್ನು ಹುಬ್ಬಳ್ಳಿ, ಬಳ್ಳಾರಿ, ಹೊಟಗಿಗಳಿಗೆ ಜೋಡಿಸಿತು. ಗದಗ ಜಂಕ್ಷನ್ ಆಯಿತು. ಜಿನ್ನು, ಪ್ರೆಸ್ಸು, ದಲಾಲಿ ಅಂಗಡಿಗಳು ಎದ್ದವು. ಬೆಟಗೇರಿಯಲ್ಲಿ ನೇಕಾರರು ಮೊದಲಿನಿಂದಲೂ ಇದ್ದರು. ರೈತ ಮಾಲು ತಂದು ಸವಾಲು ಮುಗಿಯುವವರೆಗೆ ದಲಾಲರ ಅಂಗಡಿಯ ಕಟ್ಟೆಯ ಮೇಲೆ, ತನ್ನ ಚೀಲಗಳ ಪಕ್ಕದಲ್ಲೇ ಮಲಗುತ್ತಿದ್ದ. ಸಾಲದ ಹಂಗಿನಲ್ಲಿ ಅವನು ಅಲ್ಲಿ ಮಲಗಬೇಕಾಗಿ ಬಂದ ದಿನಗಳೂ ಬಹಳ. ಆ ಹಂಗು ಬಿಡಿಸುವ ಮೊದಲ ಯತ್ನವೂ ಈ ಸೀಮೆಯದೇ: ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು.

ಊಟಕ್ಕೆ ಬೆಲೆ ಕಟ್ಟುವ ಪದ್ಧತಿ ಪೇಟೆ ಬೆಳೆದಾಗ ಬಂತು, ಅದರ ರೂಪ ಖಾನಾವಳಿ. ಲಿಂಗಾಯತ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು. ಸಾವಜಿ ಖಾನಾವಳಿಯಲ್ಲಿ ಖಾರದ ರಸ, ಕೈಮಾ ಉಂಡೆ. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದ ನೇಕಾರ ಕುಟುಂಬಗಳು ಗದಗ-ಬೆಟಗೇರಿ, ಹುಬ್ಬಳ್ಳಿಗಳಲ್ಲಿ ಬೆಳೆಸಿದ ಈ ಅಡುಗೆ ಈಗ ರಾಜ್ಯವಿಡೀ ಹೆಸರಾಗಿದೆ. ದಾಸೋಹದ ನಡವಳಿಕೆ ಖಾನಾವಳಿಯೊಳಕ್ಕೂ ನುಗ್ಗಿತು: ರೊಟ್ಟಿ ಎಷ್ಟು ಎಂದು ಎಣಿಸದೆ ಹಾಕುವುದು, ‘ಇನ್ನೊಂದು ಹಾಕ್ಲಿರಿ?’ ಎಂದು ಕೇಳುವುದು. ಬಸ್ಸು ಹೆಚ್ಚಿದ ಮೇಲೆ ನಿಲ್ದಾಣಗಳ ಸುತ್ತ ಲಾಡ್ಜುಗಳು, ಹೆದ್ದಾರಿಯ ಮೇಲೆ ಡಾಬಾಗಳು ಬಂದವು. ಅವುಗಳ ಕಥೆ ಬೇರೆಡೆಗಿಂತ ವಿಶೇಷವೇನಲ್ಲ.

ಪಂಚಮಿ, ಅಂದರ್-ಬಾಹರ್, ಓಸಿ

ಹಳ್ಳಿಯ ಪಣಕ್ಕೆ ಕಾಲವಿತ್ತು. ಶ್ರಾವಣದ ನಾಗರ ಪಂಚಮಿಯಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡಿದರೆ ಗಂಡಸರು ಶರತ್ತು ಕಟ್ಟುತ್ತಾರೆ. ನಿಂಬೆಹಣ್ಣು ಎಸೆಯುತ್ತ ಹೋಗಿ ಇಂತಿಷ್ಟು ಎಸೆತಕ್ಕೆ ಮುಂದಿನ ಊರು ಮುಟ್ಟಬೇಕು. ಒಂದೇ ಏಟಿಗೆ ತೆಂಗಿನಕಾಯಿ ಒಡೆಯಬೇಕು. ಚೀಲ ಹೊತ್ತು ಗುಡಿ ಸುತ್ತಬೇಕು. ಪಣದ ಹಣವಿದ್ದರೂ ಇದು ತೋಳಿನ ಆಟ, ಊರೆಲ್ಲ ನೋಡುವ ಆಟ. ಸೋತವನ ಮನೆ ಮುಳುಗದಂತೆ ಕಾಯಲು ಹತ್ತಾರು ಕಣ್ಣಿರುತ್ತವೆ.

ಇಸ್ಪೀಟು ಬಂದಮೇಲೆ ಆಟ ಹೊಲದ ಬದುವಿಗೆ, ಹಳ್ಳದ ದಂಡೆಗೆ, ಪಾಳುಮನೆಗೆ ಸರಿಯಿತು. ಹೆಚ್ಚು ನಡೆಯುವುದು ಅಂದರ್-ಬಾಹರ್. ಒಂದು ಎಲೆ ತೆರೆದಿಟ್ಟು, ಒಳಗೆ ಒಂದು, ಹೊರಗೆ ಒಂದು ಎಂದು ಎರಡು ಕಡೆ ಎಲೆ ಇಕ್ಕುತ್ತ ಹೋಗುವುದು. ತೆರೆದ ಎಲೆಯ ಜೊತೆ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆಯವನಿಗೆ ಹಣ. ಲೆಕ್ಕ ಹಾಕಿದರೆ ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ 51.5ರಷ್ಟು ಅವಕಾಶ. ಬುದ್ಧಿಗೆ ಕೆಲಸವಿಲ್ಲ, ನೆನಪಿಗೆ ಕೆಲಸವಿಲ್ಲ. ಅರ್ಧ ನಿಮಿಷಕ್ಕೊಂದು ಆಟ ಮುಗಿಯುತ್ತದೆ. ಈ ವೇಗವೇ ಅದರ ಅಪಾಯ.

ಮಟಕಾ ಬಂದದ್ದು ಹತ್ತಿಯ ದಾರಿಯಲ್ಲೇ. ನ್ಯೂಯಾರ್ಕಿನ ಹತ್ತಿ ಪೇಟೆಯ ದರ ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿತ್ತು. ಪೇಟೆ ತೆರೆಯುವಾಗಿನ ಅಂಕಿ ಯಾವುದು, ಮುಚ್ಚುವಾಗಿನ ಅಂಕಿ ಯಾವುದು ಎಂದು ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಾಗ ಚಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್ ಮುಂಬಯಿಯ ವರ್ಳಿಯಲ್ಲಿಯೂ ಕೆಲ ಕಾಲದ ನಂತರ ರತನ್ ಖತ್ರಿ ಪ್ರತ್ಯೇಕವಾಗಿಯೂ ಚೀಟಿ, ಇಸ್ಪೀಟುಗಳಿಂದ ಅಂಕಿ ಎತ್ತುವ ಪದ್ಧತಿ ತಂದರು. ಸೊನ್ನೆಯಿಂದ ಒಂಬತ್ತರೊಳಗಿನ ಮೂರು ಅಂಕಿ ಎತ್ತಿ ಕೂಡಿಸುವುದು: 5, 3, 6 ಬಂದರೆ ಮೊತ್ತ 14, ಕೊನೆಯಂಕಿ 4, ಅದು ‘ಓಪನ್’. ಇನ್ನೊಮ್ಮೆ ಹಾಗೆಯೇ ಎತ್ತಿದ್ದು ‘ಕ್ಲೋಸ್’. ಹೀಗಾಗಿ ಉತ್ತರ ಕರ್ನಾಟಕದ ಬಾಯಲ್ಲಿ ಅದು ‘ಓಸಿ’. ಜೋಡಿ ಅಂಕಿ ತಾಗುವ ಸಾಧ್ಯತೆ ನೂರಕ್ಕೊಂದು. ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುತ್ತೇವೆನ್ನುವುದು ಚೀಟಿ ಬರೆಯುವವರ ವಾಡಿಕೆಯ ಮಾತು. ನೂರು ರೂಪಾಯಿ ಹೋದಲ್ಲಿ ಸರಾಸರಿ ಎಂಬತ್ತು ಮರಳುತ್ತದೆ. ಉಳಿದ ಇಪ್ಪತ್ತು, ಆಡುವವ ಎಂದೂ ಕಾಣದ ಕೈಗಳಿಗೆ. ಹತ್ತಿ ಬೆಳೆದವನ ಸಂಸಾರ ದೂರದೇಶದ ಬೆಲೆಗೆ ಒಮ್ಮೆ ತೂಗಾಡಿತ್ತು. ಅದೇ ಹತ್ತಿಯ ದರದಿಂದ ಹುಟ್ಟಿದ ಅಂಕಿ ಕೂಲಿಕಾರನ ದಿನಗೂಲಿಯನ್ನು ಕಸಿಯಲು ಬಂದುದನ್ನು ನೋವಿಲ್ಲದೆ ಬರೆಯಲಾಗದು.

ಕಾನೂನು

ಬ್ರಿಟಿಷರ ಕಾಲದಲ್ಲಿ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಗದಗ, ಮುಂಡರಗಿ ಮುಂಬಯಿ ಪ್ರಾಂತದವು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. 1887ರ ಮುಂಬಯಿ ಜೂಜು ನಿರೋಧ ಕಾಯ್ದೆ ಮೊದಲ ಎರಡಕ್ಕೆ ಅನ್ವಯವಾಗುತ್ತಿತ್ತು. 1948ರಲ್ಲಿ ದಖ್ಖನಿನ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಗದಗ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ಈಗ ಆಧಾರವಾಗಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಮಟಕಾಕ್ಕೆ ಕಲಂ 78, ಜೂಜಿನ ಮನೆ ನಡೆಸುವವರಿಗೆ 79, ಅಲ್ಲಿ ಸಿಕ್ಕವರಿಗೆ 80, ಬಯಲಲ್ಲಿ ಆಡುವವರಿಗೆ 87. ಲಾಡ್ಜಿನ ಕೋಣೆಯಲ್ಲಿ ಆಟಕ್ಕೆ ಜಾಗ ಕೊಟ್ಟು ಪಾಲು ಪಡೆದರೆ ಕಾನೂನಿನ ಕಣ್ಣಿಗೆ ಆ ಕೋಣೆಯೇ ಜೂಜಿನ ಮನೆ. ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಮೇಲೆ ಕ್ಲಬ್ಬುಗಳಿಗೆ ಒಂದು ದಾರಿ ತೆರೆಯಿತು. ಸರ್ಕಾರವೂ ಲಾಟರಿ ಮಾರಿತು. ಬಸ್ ನಿಲ್ದಾಣದ ಬದಿಯ ಒಂದಂಕಿ ಲಾಟರಿ ಎಷ್ಟೋ ಮನೆಗಳ ಒಲೆ ಆರಿಸಿದ ಬಳಿಕ, 2007ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಲಾಟರಿ ನಿಂತಿತು.

ನೆವಾಡಾದ ಸ್ಟಾರ್‌ಡಸ್ಟ್

ಹೋಲಿಕೆಗೆ ಒಂದು ಪರದೇಶದ ಉದಾಹರಣೆ ಇಲ್ಲಿ ಬೇಕು. ಕಾರಿನಲ್ಲಿ ಬಂದು ಕೋಣೆಯ ಬಾಗಿಲಿಗೇ ಕಾರು ನಿಲ್ಲಿಸುವ ಮೋಟೆಲ್ ಆ ಹೆಸರಿನಲ್ಲಿ ಮೊದಲು ಕಾಣಿಸಿಕೊಂಡದ್ದು 1925ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ. 1931ರ ಮಾರ್ಚಿನಲ್ಲಿ ನೆವಾಡಾ ಜೂಜನ್ನು ಕಾನೂನುಬದ್ಧಗೊಳಿಸಿತು. ಎರಡೂ ಕೂಡಿದಾಗ ಲಾಸ್ ವೇಗಸ್ಸಿನ ಹೆದ್ದಾರಿ ಬೆಳೆಯಿತು. ಹಡಗಿನಲ್ಲಿ ಜೂಜು ನಡೆಸಿ ಹೆಸರಾಗಿದ್ದ ಟೋನಿ ಕಾರ್ನೆರೊ ಅಲ್ಲಿ ಸ್ಟಾರ್‌ಡಸ್ಟ್ ಕಟ್ಟಲು ತೊಡಗಿ 1955ರಲ್ಲಿ ತೀರಿಕೊಂಡ. ಬೇರೆಯವರು ಮುಗಿಸಿ 1958ರ ಜುಲೈ 2ರಂದು ತೆರೆದರು. ಸ್ಪುಟ್ನಿಕ್ ಹಾರಿ ಇನ್ನೂ ಒಂಬತ್ತು ತಿಂಗಳಾಗಿತ್ತಷ್ಟೇ. ಕಟ್ಟಡದ ಮುಂಭಾಗಕ್ಕೆ 216 ಅಡಿ ಉದ್ದದ ದೀಪದ ಫಲಕ. ಅದರಲ್ಲಿ ಭೂಗೋಳ, ಗ್ರಹಗಳು, ನಕ್ಷತ್ರಗಳು. ಹಿಂದೆ ಮೋಟೆಲ್ ಮಾದರಿಯ ತಗ್ಗಿನ ಕಟ್ಟಡಗಳಲ್ಲಿ ಸಾವಿರಕ್ಕೂ ಹೆಚ್ಚು ಕೋಣೆ. ಕೋಣೆ ಅಗ್ಗ, ಏಕೆಂದರೆ ಲಾಭ ಬರುತ್ತಿದ್ದುದು ಜೂಜಿನ ಮೇಜಿನಿಂದ. ಬಾಹ್ಯಾಕಾಶದ ಬೆಡಗು ದಾರಿಹೋಕನ ಕಾರನ್ನು ನಿಲ್ಲಿಸುವ ಸಾಧನವಾಗಿತ್ತು. 2006ರ ನವೆಂಬರ್ 1ರಂದು ಅದು ಮುಚ್ಚಿತು. 2007ರ ಮಾರ್ಚ್ 13ರಂದು ಸಿಡಿಮದ್ದಿಟ್ಟು ಕೆಡವಿದರು.

ಅತಿಥಿಯ ಹಾಸಿಗೆಯ ಬೆಲೆಯನ್ನು ಅತಿಥಿಯ ಸೋಲಿನಿಂದ ವಸೂಲಿ ಮಾಡುವ ಈ ವ್ಯಾಪಾರ ಕ್ರಮ ಗದಗ ಸೀಮೆಯಲ್ಲಿ ಬೇರೂರಲಿಲ್ಲ. ಕಾನೂನು ಅಡ್ಡಬಂದದ್ದು ಒಂದು ಕಾರಣ. ಉಣ್ಣಿಸುವುದಕ್ಕೆ ಮಠಗಳು ಕಟ್ಟಿದ ಘನತೆ ಅದಕ್ಕಿಂತ ಹಳೆಯ, ನನ್ನ ಎಣಿಕೆಯಲ್ಲಿ ಅದಕ್ಕಿಂತ ಬಲವಾದ ಕಾರಣ.

ಗೋವಾ ಮತ್ತು ಮೊಬೈಲು

ಕ್ಯಾಸಿನೊ ಹತ್ತಿರದಲ್ಲಿರುವುದು ಗೋವಾದಲ್ಲಿ. ಅಲ್ಲಿಯ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದಾಟಕ್ಕೆ, 1996ರಲ್ಲಿ ಹಡಗುಗಳ ಮೇಲಿನ ಆಟಕ್ಕೆ ಅನುಮತಿ ಕೊಟ್ಟರು. ಪಣಜಿಯ ಮಾಂಡೋವಿ ನದಿಯ ಹಡಗುಗಳಿಗೆ ಉತ್ತರ ಕರ್ನಾಟಕದಿಂದ ಹೋಗುವವರು ಕಡಿಮೆಯಿಲ್ಲ. ಹತ್ತಿ ಕಡಲಿಗೆ ಇಳಿದ ದಿಕ್ಕಿನಲ್ಲೇ ಈಗ ವಾರಾಂತ್ಯದ ಕಾರುಗಳು ಇಳಿಯುತ್ತವೆ. ಹಳ್ಳದ ದಂಡೆಯಲ್ಲಿ ಆಡಿದರೆ ಕಲಂ 87ರಡಿ ಪ್ರಕರಣ ದಾಖಲಾಗುವ ಅಂದರ್-ಬಾಹರ್ ಅಲ್ಲಿ ಹಸಿರು ಬಟ್ಟೆಯ ಮೇಜಿನ ಮೇಲೆ ಪರವಾನಗಿ ಪಡೆದು ನಡೆಯುತ್ತದೆ.

ಮೊಬೈಲು ಬಂದಮೇಲೆ ಗೋವಾಕ್ಕೆ ಹೋಗುವ ಪ್ರಮೇಯವೂ ಉಳಿಯಲಿಲ್ಲ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿಯಾಗಿ ಹಣ ಕಟ್ಟುವ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು. ಕೌಶಲದ ಆಟಗಳನ್ನೂ ಅದು ಒಳಗೊಂಡಿತ್ತೆಂಬ ಕಾರಣಕ್ಕೆ ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಮಾಂಡೋವಿಯ ಹಡಗುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ; ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪಣ ಮತ್ತು ಜೂಜು ರಾಜ್ಯಪಟ್ಟಿಯ ವಿಷಯವಾಗಿರುವುದರಿಂದ ಅವು ಗೋವಾದ ಕಾನೂನಿನಡಿಯಲ್ಲೇ ನಡೆಯುತ್ತವೆ.